ಫಿಲಿಪ್ಸ್ ವಿಮಾನಕ್ಕೆ ಅಷ್ಟೊಂದು ರೆಕ್ಕೆ ಯಾಕೆ?

ಬ್ರಿಟನ್ನಿನ ವಿಮಾನ ಸಂಶೋಧಕ ಹೊರಾಶಿಯೊ ಫಿಲಿಪ್ಸ್‌ನ ವಿಮಾನಕ್ಕೆ ಕಿಟಕಿಯ ಬ್ಲೈಂಡ್‌ನಂತೆ ಅಷ್ಟೊಂದು ಪಟ್ಟಿ, ಅಂದರೆ ಕಿರಿದಾದ ರೆಕ್ಕೆ ಯಾಕೆ, ಅದು ನಿಜಕ್ಕೂ ಹಾರಿತ್ತಾ ಅಂತ ಕೇಳಿದ್ದೀರಿ. ಹಾರಿತ್ತು, ಸ್ವಲ್ಪ ದೂರ. 1907ರಲ್ಲಿ ಲಂಡನ್ನಿನ ಸ್ಟ್ರೆಥಮ್‌ನಲ್ಲಿ, ಸುಮಾರು 200 ಪಟ್ಟಿಗಳಿದ್ದ ಯಂತ್ರ ಹತ್ತಿರಹತ್ತಿರ 500 ಅಡಿ ಹೋಯಿತು.

ದಯವಿಟ್ಟು ಅದನ್ನು ಹುಚ್ಚಾಟ ಅಂದ್ಕೋಬೇಡಿ. ಹಬೆಯಿಂದ ಗಾಳಿ ಎಳೆಯುವ ಸುರಂಗ ಕಟ್ಟಿ, ರೆಕ್ಕೆಯ ಅಡ್ಡಕೊಯ್ತದ ಆಕಾರಗಳನ್ನು ಒಂದೊಂದಾಗಿ ಪರೀಕ್ಷಿಸಿ 1884ರಲ್ಲೇ ಪೇಟೆಂಟ್ ಪಡೆದವನು ಆತ. ರೆಕ್ಕೆಯ ಮೇಲಿನ ಮೈ ಹೆಚ್ಚು ಬಾಗಿದ್ದರೆ ಅಲ್ಲಿ ಒತ್ತಡ ಇಳಿದು ರೆಕ್ಕೆ ಮೇಲೇಳುತ್ತದೆ ಅನ್ನೋದು ಅವನಿಗೆ ಗೊತ್ತಿತ್ತು. ಉದ್ದವಾಗಿ, ಕಿರಿದಾಗಿರುವ ರೆಕ್ಕೆಗೆ ಎಳೆತ (ಗಾಳಿ ಹಿಂದಕ್ಕೆ ತಡೆಯುವ ಬಲ) ಕಡಿಮೆ ಅನ್ನೋದೂ ಸರಿಯೇ. ಇಂದಿನ ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ ನೋಡಿ. ಆದರೆ ಕಿರಿದಾದ ಒಂದೇ ರೆಕ್ಕೆ ಭಾರ ಹೊರಲಾರದು, ಹಾಗಾಗಿ ಒಂದರ ಮೇಲೊಂದು ಜೋಡಿಸಿದ. 1893ರಲ್ಲಿ ಲಂಡನ್ ಬಳಿಯ ಹ್ಯಾರೋದ ವೃತ್ತಾಕಾರದ ಹಳಿಯ ಮೇಲೆ ಓಡಿಸಿದ ಯಂತ್ರದಲ್ಲಿ ಒಂದೂವರೆ ಇಂಚು ಅಗಲದ 50 ಪಟ್ಟಿಗಳಿದ್ದವು.

ಎಡವಟ್ಟಾಗಿದ್ದು ಆ ಜೋಡಣೆಯಲ್ಲೇ. ಇಷ್ಟು ಹತ್ತಿರವಿದ್ದರೆ ಒಂದು ಪಟ್ಟಿಯ ಗಾಳಿಯನ್ನು ಇನ್ನೊಂದು ಕೆಡಿಸುತ್ತದೆ, ಚೌಕಟ್ಟಿನ ಎಳೆತ ಬೇರೆ. ಅಷ್ಟರಲ್ಲಿ ರೈಟ್ ಸಹೋದರರು 1905ರಲ್ಲೇ 24 ಮೈಲಿ ಹಾರಿದ್ದರು. ನನ್ನ ಮಟ್ಟಿಗೆ ಫಿಲಿಪ್ಸ್‌ನ ದೊಡ್ಡ ಕೊಡುಗೆ ಆ ಯಂತ್ರಗಳಲ್ಲ, 1884ರ ಆ ಪೇಟೆಂಟ್.