ಸರ್ವೆ ಡೇಟಾಗೆ ಲೈಬ್ರರಿಯವರ ಸಹಾಯ ಸಿಗುತ್ತದಾ?

ಪಿಎಚ್‌ಡಿ ಪ್ರಬಂಧ ಶೋಧಗಂಗಾಗೆ (ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ) ಹೋಗುತ್ತದೆ, ಸರ್ವೆ ಡೇಟಾ ಎಲ್ಲಿಡಲಿ, ಲೈಬ್ರರಿಯವರನ್ನು ಕೇಳಬಹುದಾ ಎಂದಿದ್ದೀರಿ. ಖಂಡಿತ ಕೇಳಿ. ಅದೂ ಈಗಲೇ, ಪ್ರಬಂಧ ಒಪ್ಪಿಸುವ ಗಡಿಬಿಡಿಯಲ್ಲಲ್ಲ.

ಡೇಟಾ ಇಡಲು ಜೆನೊಡೊ ಎಂಬ ವೆಬ್‌ಸೈಟ್ ಒಳ್ಳೆಯದು. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಅದನ್ನು 2013ರಿಂದ ನಡೆಸುತ್ತಿದೆ. ದುಡ್ಡು ಕೊಡಬೇಕಿಲ್ಲ, ಒಂದು ದಾಖಲೆಗೆ 50 ಜಿಬಿ ತನಕ ಜಾಗ, ಡಿಒಐ (ಬದಲಾಗದ ಗುರುತು ಸಂಖ್ಯೆ) ಕೂಡ ಸಿಗುತ್ತದೆ.

ಆದರೆ ಅಲ್ಲಿ ಹಾಕುವ ಮೊದಲಿನ ಕೆಲಸವೇ ಜಾಸ್ತಿ. ಎಕ್ಸೆಲ್‌ನಲ್ಲಿ ‘ಪ್ರ7’ ಎಂಬ ಕಾಲಂ, ಅದರಡಿ 1, 2, 9 ಎಂದಷ್ಟೇ ಇದ್ದರೆ ಎರಡು ವರ್ಷ ಬಿಟ್ಟು ನಿಮಗೇ ತಲೆಬುಡ ಗೊತ್ತಾಗುವುದಿಲ್ಲ. 9 ಅಂದರೆ ‘ಉತ್ತರ ಕೊಡಲಿಲ್ಲ’ ಎಂದು ವಿವರಿಸುವ ರೀಡ್‌ಮಿ ಫೈಲ್ ಬೇಕು. ಎಕ್ಸೆಲ್ ಇಲ್ಲದೆಯೂ ತೆರೆಯುವ ಸಿಎಸ್‌ವಿ ಪ್ರತಿಯೂ ಇರಲಿ. ಇಂಥ ವಿವರ ಬರೆಯುವುದು ಲೈಬ್ರೇರಿಯನ್‌ಗಳಿಗೆ ಚೆನ್ನಾಗಿ ಗೊತ್ತು, ಕ್ಯಾಟಲಾಗ್ ಮಾಡುವುದು ಅವರ ಕಸುಬೇ ಅಲ್ವಾ? ಸುಮ್ನೆ ‘ಡೇಟಾ ಬಗ್ಗೆ ಹೇಳಿ’ ಎನ್ನಬೇಡಿ, ಫೈಲ್ ತೆರೆದು ತೋರಿಸಿ.

ಹೆಸರು, ಫೋನ್ ನಂಬರ್ ತೆಗೆದುಬಿಡಿ. ಸಣ್ಣ ಊರಾದರೆ ಜಾತಿ, ವಯಸ್ಸು, ಕೆಲಸ ಮೂರೂ ಸೇರಿದರೆ ಯಾರೆಂದು ತಿಳಿದುಹೋಗುತ್ತದೆ. ನಿಮ್ಮನ್ನು ನಂಬಿ ಮಾತಾಡಿದ ಜನ ಅವರು. ಒಪ್ಪಿಗೆ ಪತ್ರದಲ್ಲಿ ಡೇಟಾ ಹಂಚುವ ವಿಷಯ ಇಲ್ಲದಿದ್ದರೆ ಮೊದಲು ಗೈಡ್ ಜೊತೆ ಮಾತಾಡಿ.