ಗೆದ್ದವರ ಕಾರ್ಡಿಗೆ ಯಾಕೆ ಅಷ್ಟು ಬೆಲೆ?

ದಾವಣಗೆರೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: “ಎಂಟನೇ ಕ್ಲಾಸಿನ ನನ್ನ ಮಗನಿಗೆ ಪೋಕೆಮಾನ್ ಅನ್ನೋ ಜಪಾನಿನ ಕಾರ್ಡಾಟದ ಹುಚ್ಚು. ಪಂದ್ಯದಲ್ಲಿ ಬಹುಮಾನ ಕೊಟ್ಟ, ಪಿಕಾಚು ಅನ್ನೋ ಪ್ರಾಣಿಯ ಚಿತ್ರವಿರುವ ಕಾರ್ಡೊಂದು 39 ಕೋಟಿಗೆ ಹೋಯಿತಂತೆ. ಈಗ ಆನ್‌ಲೈನ್‌ನಲ್ಲಿ ಯಾರೋ ‘ಜಪಾನಿನ ಬಹುಮಾನದ ಕಾರ್ಡ್, 40 ಸಾವಿರ’ ಅಂತ ಹಾಕಿದ್ದಾರೆ. ಕೊಡಿಸು ಅಂತ ಹಟ ಹಿಡಿದಿದ್ದಾನೆ. ಒಂದು ತುಂಡು ರಟ್ಟಿಗೆ ಇಷ್ಟು ಬೆಲೆ ಯಾಕೆ? ಕೊಡಿಸಬಹುದಾ?” ಪತ್ರದ ಹಿಂದೆ ಹುಡುಗನ ಅಕ್ಷರದಲ್ಲಿ ಇನ್ನೊಂದು ಪ್ರಶ್ನೆ: “‘ಮ್ಯಾಜಿಕ್’ ಅನ್ನೋ ಇನ್ನೊಂದು ಕಾರ್ಡಾಟದಲ್ಲಿ ಪ್ರಪಂಚಕ್ಕೇ ಒಂದೇ ಒಂದು ಇರುವ ಕಾರ್ಡ್ ಇದೆಯಂತೆ. ಅದನ್ನ ಆಡಿದರೆ ಏನಾಗುತ್ತೆ?”

ಮೇಡಂ, ಮೊದಲು ಒಂದು ತಿದ್ದುಪಡಿ. ಆ 39 ಕೋಟಿಯ ಕಾರ್ಡ್ ಪಂದ್ಯದಲ್ಲಿ ಗೆದ್ದದ್ದಲ್ಲ, ಚಿತ್ರ ಬರೆದು ಗೆದ್ದದ್ದು. 1997-98ರಲ್ಲಿ ಜಪಾನಿನ ‘ಕೊರೊಕೊರೊ’ ಕಾಮಿಕ್ ಪತ್ರಿಕೆ ಚಿತ್ರಸ್ಪರ್ಧೆಗಳನ್ನು ನಡೆಸಿತು. ಗೆದ್ದವರಿಗೆ ಪಿಕಾಚು ಕುಂಚ ಹಿಡಿದಿರುವ ಕಾರ್ಡ್ ಕೊಟ್ಟರು. ಹಂಚಿದ್ದು 39 ಮಾತ್ರ. ಬೇರೆ ಕಾರ್ಡ್‌ಗಳಲ್ಲಿ ‘ಟ್ರೇನರ್’ ಅಂತ ಇರುವ ಜಾಗದಲ್ಲಿ ಇದರಲ್ಲಿ ‘ಇಲಸ್ಟ್ರೇಟರ್’ ಅಂತಿದೆ. ನಿಮ್ಮ ಚಿತ್ರ ಚೆನ್ನಾಗಿದೆ, ನೀವೀಗ ನಮ್ಮ ಅಧಿಕೃತ ಚಿತ್ರಕಾರರು ಅನ್ನುವ ಅರ್ಥದ ಒಕ್ಕಣೆಯೂ ಇದೆ. 2021ರಲ್ಲಿ ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ 40 ಲಕ್ಷ ಡಾಲರ್ ನಗದು ಕೊಟ್ಟು, ಜೊತೆಗೆ ತನ್ನಲ್ಲಿದ್ದ ಅದೇ ಕಾರ್ಡಿನ ಇನ್ನೊಂದು ಪ್ರತಿಯನ್ನೂ (ಕಾರ್ಡಿನ ಸ್ಥಿತಿ ನೋಡಿ ಕೊಡುವ ಅಂಕ ಅದಕ್ಕೆ ಒಂದು ಕಡಿಮೆ) ಕೊಟ್ಟು ಅದನ್ನು ಪಡೆದರು. ಒಟ್ಟು ಲೆಕ್ಕ 52.75 ಲಕ್ಷ ಡಾಲರ್, ಅದೇ ನಿಮ್ಮ ಮಗ ಹೇಳಿದ 39 ಕೋಟಿ.

ಪಂದ್ಯದ ಕಾರ್ಡ್‌ಗಳ ಕಥೆ ಬೇರೆ, ನನಗೆ ಜಾಸ್ತಿ ಇಷ್ಟವೂ ಅದೇ. 1997ರಲ್ಲಿ ಜಪಾನಿನ ಚಿಬಾದಲ್ಲಿ ಮೊದಲ ಅಧಿಕೃತ ಪಂದ್ಯ ನಡೆಯಿತು. ಮೊದಲ ಮೂರು ಸ್ಥಾನದವರಿಗೆ ಕೊಟ್ಟದ್ದು ಪಿಕಾಚು ಟ್ರೋಫಿ ಎತ್ತಿ ಹಿಡಿದಿರುವ ಕಾರ್ಡ್. ಮೊದಲನೆಯದರಲ್ಲಿ ಚಿನ್ನದ ಟ್ರೋಫಿ, ಎರಡನೆಯದರಲ್ಲಿ ಬೆಳ್ಳಿ, ಮೂರನೆಯದರಲ್ಲಿ ಕಂಚು. ಈ ಕಾರ್ಡ್ ತೋರಿಸಿದರೆ ಮುಂದಿನ ಪಂದ್ಯಕ್ಕೆ ಪ್ರವೇಶದಲ್ಲಿ ಆದ್ಯತೆ ಅಂತ ಅದರ ಮೇಲೇ ಬರೆದಿತ್ತು. ತೋರಿಸಬೇಕಂದ್ರೆ ಜೊತೆಗೆ ಒಯ್ಯಬೇಕಲ್ವಾ? ಗೆದ್ದ ಮಕ್ಕಳಿಗೆ ಅದು ಹೆಮ್ಮೆಯ ವಸ್ತು, ಕಪಾಟಿನಲ್ಲಿಟ್ಟು ಬೀಗ ಹಾಕುವ ಆಸ್ತಿ ಅಲ್ಲ. ಮೊದಲೇ ಬೆರಳೆಣಿಕೆಯಷ್ಟು ಕಾರ್ಡ್, ಅದರಲ್ಲಿ ಮೂಲೆ ಮಡಚದೆ, ಅಂಚು ಬಿಳಿಯಾಗದೆ ಉಳಿದದ್ದು ಇನ್ನೂ ಕಡಿಮೆ.

1998ರ ಮೇ ತಿಂಗಳಲ್ಲಿ ತಂದೆ ಅಥವಾ ತಾಯಿ ಮಗುವಿನ ಜೊತೆ ಜೋಡಿಯಾಗಿ ಆಡುವ ಪಂದ್ಯವನ್ನೂ ಮಾಡಿದ್ದರು. ಬಹುಮಾನ ಕಂಗಸ್ಖಾನ್ ಕಾರ್ಡ್. ಕಂಗಸ್ಖಾನ್ ಅಂದ್ರೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಹೊತ್ತು ತಿರುಗುವ ತಾಯಿ ಪ್ರಾಣಿ. ಅಪ್ಪ-ಮಗಳು, ಅಮ್ಮ-ಮಗ ಪಕ್ಕಪಕ್ಕ ಕೂತು ಗೆದ್ದದ್ದಕ್ಕೆ ಎಷ್ಟು ಒಪ್ಪುವ ಬಹುಮಾನ ನೋಡಿ. 2020ರಲ್ಲಿ ಅದರ ಒಂದು ಪ್ರತಿ ಒಂದೂವರೆ ಲಕ್ಷ ಡಾಲರಿಗೆ ಮಾರಾಟವಾಯಿತು.

ಅಂಗಡಿಯ ಪ್ಯಾಕೆಟ್‌ನಲ್ಲಿ ಎಷ್ಟೇ ಅಪರೂಪದ ಕಾರ್ಡ್ ಇರಲಿ, ಇನ್ನಷ್ಟು ಪ್ಯಾಕೆಟ್ ಒಡೆದರೆ ಸಿಕ್ಕೀತು. ಕಂಪನಿ ಮನಸ್ಸು ಮಾಡಿದರೆ ಅದೇ ಚಿತ್ರವನ್ನು ಮತ್ತೆ ಅಚ್ಚು ಹಾಕಬಹುದು. ಆದರೆ 1998ರ ಆ ಪಂದ್ಯವನ್ನು ಮತ್ತೆ ಆಡಿಸೋಕೆ ಆಗಲ್ಲ.

ಹಾಗಂತ ಕಡಿಮೆ ಇದ್ದ ಮಾತ್ರಕ್ಕೇ ಬೆಲೆ ಬರುವುದಿಲ್ಲ. ನಿಮ್ಮ ಮಗ ಕೇಳಿದ ಮ್ಯಾಜಿಕ್ ಕಾರ್ಡನ್ನೇ ತೆಗೆದುಕೊಳ್ಳಿ. 1996ರಲ್ಲಿ ಸಿಯಾಟಲ್‌ನಲ್ಲಿ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ಟಾಮ್ ಚಾನ್‌ಫೆಂಗ್‌ಗೆ ಕೊಟ್ಟ ಕಾರ್ಡ್ ಅದು. ಆತನ ಗೆಲುವೇ ಒಂದು ಸ್ವಾರಸ್ಯ. ಈ ಆಟದಲ್ಲಿ ಕಾರ್ಡ್ ಇಳಿಸೋಕೆ ಬಣ್ಣಬಣ್ಣದ ಶಕ್ತಿ ಬೇಕು. ಡೆಕ್‌ನ, ಅಂದ್ರೆ ತಾನು ಆಡುವ ಕಾರ್ಡ್ ಕಟ್ಟಿನ, ಪಟ್ಟಿ ಬರೆದುಕೊಡುವಾಗ ನೀಲಿ ಶಕ್ತಿ ಕೊಡುವ ನಾಲ್ಕು ಕಾರ್ಡ್ ಬರೆಯಲು ಮರೆತು, ಅವಿಲ್ಲದೆ ಆಡಬೇಕಾಯಿತು. ನೀಲಿ ಶಕ್ತಿ ಇಲ್ಲದೆ ಆಡೋಕೇ ಆಗದ ಒಂದು ಕಾರ್ಡ್ ಡೆಕ್‌ನಲ್ಲಿ ಸುಮ್ನೆ ಕೂತಿತ್ತು. ಆದರೂ ಗೆದ್ದರು! 2001ರಲ್ಲಿ ಆ ಕಾರ್ಡನ್ನು 17,500 ಡಾಲರಿಗೆ ಮಾರಿದರು, ಆಗಿನ ಲೆಕ್ಕದಲ್ಲಿ ಸುಮಾರು 8 ಲಕ್ಷ ರೂಪಾಯಿ. ಪ್ರಪಂಚಕ್ಕೆ ಒಂದೇ ಇರುವ ಕಾರ್ಡಿಗೆ 8 ಲಕ್ಷ, 39 ಹಂಚಿದ ಕಾರ್ಡಿಗೆ 39 ಕೋಟಿ. ನಡುವೆ 20 ವರ್ಷ ಕಳೆದಿದೆ ಅನ್ನುವುದು ನಿಜ. ಆ 20 ವರ್ಷದಲ್ಲೇ ಪಿಕಾಚು ನೋಡುತ್ತಾ ಬೆಳೆದ ಮಕ್ಕಳು ದೊಡ್ಡವರಾಗಿ ಕೈತುಂಬ ದುಡಿಯತೊಡಗಿದರು. ಚಿಕ್ಕಂದಿನಲ್ಲಿ ಸಿಗದ್ದನ್ನು ಈಗ ಹುಡುಕುತ್ತಾರೆ. ಬೆಲೆ ಏರಿಸಿದ್ದು ಆ ಆಸೆ.

ಇನ್ನು 40 ಸಾವಿರದ ಕಾರ್ಡ್. ದಯವಿಟ್ಟು ದುಡ್ಡು ಕಳಿಸಬೇಡಿ. ಆ ಕಾಲದ ನಿಜವಾದ ಚಾಂಪಿಯನ್ ಕಾರ್ಡ್ ಆ ಬೆಲೆಗೆ ಬರುವುದಿಲ್ಲ. ಪಿಎಸ್‌ಎಯಂಥ ಸಂಸ್ಥೆಗಳು ಕಾರ್ಡನ್ನು ಪರೀಕ್ಷಿಸಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿದರೆ ಯಾವ ಕಾರ್ಡ್ ಅಂತ ಗೊತ್ತಾಗುತ್ತದೆ. ಮಾರುವವರ ಹತ್ತಿರ ಆ ಸಂಖ್ಯೆ ಕೇಳಿ. ಸಂಖ್ಯೆಯನ್ನೂ ಕದ್ದು ಹಾಕುವವರಿದ್ದಾರೆ, ಅದಕ್ಕೇ ಫೋಟೊ ಇದ್ದರೆ ಗೀರು, ಅಂಚು ಎಲ್ಲವನ್ನೂ ತಾಳೆ ನೋಡಿ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಮಗಿಂತ ಬೇಗ ಕಂಡುಹಿಡಿಯುತ್ತಾನೆ.

ಈಗ ಪುಟ್ಟಾ, ನಿನ್ನ ಪ್ರಶ್ನೆಗೆ. ಆ ಕಾರ್ಡನ್ನು ಇಳಿಸಬೇಕಂದ್ರೆ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು, ಐದೂ ಬಣ್ಣದ ಶಕ್ತಿ ಒಂದೊಂದು ಬೇಕು. ಇಳಿದ ಮೇಲೆ ಎದುರಾಳಿಯ ಜೀವದ ಅಂಕ ಎಷ್ಟಿದೆಯೋ ಅಷ್ಟೇ ಅದರ ಬಲ. ಅವನಿಗೆ 20 ಇದ್ದರೆ ಇದಕ್ಕೂ 20. ಯಾರೂ ಅಡ್ಡ ಬರದಿದ್ದರೆ ಒಂದೇ ಏಟಿಗೆ ಆಟ ಮುಗಿಯಿತು. ಆದರೆ ಅದನ್ನು ಕೊಟ್ಟದ್ದೇ ಟ್ರೋಫಿಯೊಳಗೆ, ಪಾರದರ್ಶಕ ಅಚ್ಚಿನಲ್ಲಿ ಹುದುಗಿಸಿ. ಡೆಕ್‌ಗೆ ಸೇರಿಸಿ ಕಲಸಬೇಕಂದ್ರೆ ಮೊದಲು ಟ್ರೋಫಿ ಒಡೆಯಬೇಕು.