ಖಾಲಿ ಕುರ್ಚಿಯ ಲೆಕ್ಕ: ಓದುಗರ ಪ್ರಶ್ನೆಗೆ ಮಾಸ್ತರ ಉತ್ತರ

ಕರ್ನಾಟಕದ 15ನೇ ವಿಧಾನಸಭೆಯ (2018–2023) ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಮಾಸ್ತರ, ವಿಜಯಪುರದಾಗ ರೂಮ್ ಮಾಡ್ಕೊಂಡು ಎಫ್‌ಡಿಎ ಪರೀಕ್ಷೆಗೆ ಓದಾಕತ್ತೀನಿ. ಒಂದು ಗೈಡಿನಾಗ ವಿಧಾನಸಭೆ ಸದಸ್ಯರು 224 ಅಂತ ಐತಿ, ಇನ್ನೊಂದರಾಗ 225. ಆ ಅವಧಿಯೊಳಗ ಮುಖ್ಯಮಂತ್ರಿ ಎಷ್ಟು ಮಂದಿ, ಸಭಾಧ್ಯಕ್ಷರು ಯಾರು ಅನ್ನೋದೂ ಗೊಂದಲ. ಬಿಡಿಸಿ ಹೇಳ್ರಿ. (ಓದುಗಿ, ವಿಜಯಪುರ)

ತಂಗಿ, ಗೈಡು ಯಾವ ವರ್ಷದ್ದು ಎಂದು ಮೊದಲು ನೋಡು. ಜನ ಆರಿಸಿ ಕಳಿಸುವ ಸ್ಥಾನ 224. ಅದರ ಮೇಲೆ ಆಂಗ್ಲೋ ಇಂಡಿಯನ್ ಸಮುದಾಯದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ ಇತ್ತು. 15ನೇ ಸಭೆಯಲ್ಲಿ ಆ ಸ್ಥಾನದಲ್ಲಿದ್ದವರು ವಿನಿಷಾ ನೀರೋ. ಸಂವಿಧಾನದ 104ನೇ ತಿದ್ದುಪಡಿಯಿಂದ 2020ರ ಜನವರಿ 25ರ ನಂತರ ಹೊಸ ನಾಮಕರಣ ನಿಂತಿತು. ಹಾಗಾಗಿ 15ನೇ ಸಭೆ 225ರದ್ದು, 2023ರಲ್ಲಿ ಬಂದ 16ನೇ ಸಭೆ 224ರದ್ದು.

2018ರ ಮೇ 12ರಂದು ಮತದಾನ ಆದದ್ದು 222 ಕ್ಷೇತ್ರಗಳಲ್ಲಿ ಮಾತ್ರ. ಜಯನಗರದಲ್ಲಿ ಅಭ್ಯರ್ಥಿ ತೀರಿಕೊಂಡಿದ್ದರು, ರಾಜರಾಜೇಶ್ವರಿ ನಗರದಲ್ಲಿ ಮತದಾರರ ಗುರುತಿನ ಚೀಟಿಗಳ ರಾಶಿ ಸಿಕ್ಕಿತ್ತು. ಎರಡೂ ಕಡೆ ಚುನಾವಣೆ ಮುಂದಕ್ಕೆ ಹೋಯಿತು. ಎಣಿಕೆ ಮುಗಿದಾಗ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಉಳಿದ ಮೂವರು ಬಿಎಸ್‌ಪಿಯ ಎನ್. ಮಹೇಶ್, ಕೆಪಿಜೆಪಿಯ ಆರ್. ಶಂಕರ್, ಪಕ್ಷೇತರ ಎಚ್. ನಾಗೇಶ್. ಮುಂದೆ ಆ ಎರಡೂ ಸ್ಥಾನ ಗೆದ್ದು ಕಾಂಗ್ರೆಸ್ 80ಕ್ಕೆ ಏರಿತು.

ಮುಖ್ಯಮಂತ್ರಿಗಳಾದವರು ಮೂವರು, ಪ್ರಮಾಣವಚನ ಆದದ್ದು ನಾಲ್ಕು ಸಲ. ಯಡಿಯೂರಪ್ಪ ಮೇ 17ಕ್ಕೆ ಪ್ರಮಾಣ ತೆಗೆದುಕೊಂಡು, ಸುಪ್ರೀಂ ಕೋರ್ಟ್ ಬಹುಮತ ಸಾಬೀತಿಗೆ ಗೊತ್ತು ಮಾಡಿದ ಮೇ 19ರಂದೇ ರಾಜೀನಾಮೆ ಕೊಟ್ಟರು. ಮೇ 23ರಿಂದ ಕುಮಾರಸ್ವಾಮಿ. 2019ರ ಜುಲೈ 26ರಿಂದ ಮತ್ತೆ ಯಡಿಯೂರಪ್ಪ. 2021ರ ಜುಲೈ 28ರಿಂದ ಬಸವರಾಜ ಬೊಮ್ಮಾಯಿ. ಮೊದಲ ಬಹುಮತದ ದಿನ ಹಂಗಾಮಿ ಸಭಾಧ್ಯಕ್ಷರಾಗಿ ಪೀಠದಲ್ಲಿದ್ದವರು ಕೆ.ಜಿ. ಬೋಪಯ್ಯ. ಆಮೇಲೆ ಕೆ.ಆರ್. ರಮೇಶ್ ಕುಮಾರ್, 2019ರ ಜುಲೈ 31ರಿಂದ ವಿಶ್ವೇಶ್ವರ ಹೆಗಡೆ ಕಾಗೇರಿ. ಉಪಸಭಾಧ್ಯಕ್ಷರು ಮೊದಲು ಚಿಂತಾಮಣಿಯ ಜೆ.ಕೆ. ಕೃಷ್ಣಾರೆಡ್ಡಿ, 2020ರಿಂದ ನಮ್ಮ ಸವದತ್ತಿಯ ಆನಂದ ಮಾಮನಿ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಹೆಸರುಗಳನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಆ ಐದು ವರ್ಷ ಅರ್ಥವಾಗುವುದಿಲ್ಲ. ಮುಂದಿನ ಉತ್ತರಗಳನ್ನೂ ಓದು.

ಪ್ರಶ್ನೆ: 2019ರಾಗ ರಾಜೀನಾಮೆ ಕೊಟ್ಟ ಶಾಸಕರನ್ನ ಹೋಗ್ರಿ ಅಂತ ಬಿಡೋದು ಬಿಟ್ಟು ಅನರ್ಹ ಅಂತ ಯಾಕ ಮಾಡಿದ್ರು? ಅನರ್ಹ ಅಂದಮ್ಯಾಲೆ ಮತ್ತ ಹೆಂಗ ಚುನಾವಣೆಗೆ ನಿಂತ್ರು? ನಾವು ಅಥಣಿಯವ್ರು ಎರಡೆರಡು ಸಲ ಓಟು ಹಾಕಿದ್ದಕ್ಕ ಬೆಲೆ ಏನು? (ಓದುಗರು, ಅಥಣಿ)

ನಿಮ್ಮ ಪತ್ರದಲ್ಲಿ ಸಿಟ್ಟಿದೆ, ಅದು ನ್ಯಾಯವಾದ ಸಿಟ್ಟು. ಮೊದಲು ಕಾನೂನಿನ ಮಾತು ಮುಗಿಸುತ್ತೇನೆ.

ಸದಸ್ಯನೊಬ್ಬ ರಾಜೀನಾಮೆ ಕೊಟ್ಟರೆ ಅದು ಸ್ವಇಚ್ಛೆಯದೇ, ಅಸಲಿಯೇ ಎಂದು ಸಭಾಧ್ಯಕ್ಷರು ಖಾತ್ರಿ ಮಾಡಿಕೊಳ್ಳಬೇಕು ಎನ್ನುತ್ತದೆ ಸಂವಿಧಾನದ 190ನೇ ವಿಧಿ. ಈ ಷರತ್ತು 1974ರ ತಿದ್ದುಪಡಿಯಲ್ಲಿ ಸೇರಿತು. ಇನ್ನೊಂದು ಕಡೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ, 1985ರದ್ದು. 2019ರ ಜುಲೈನಲ್ಲಿ ಈ ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಶಾಸಕರು ರಾಜೀನಾಮೆ ಪತ್ರ ಹಿಡಿದು ನಿಂತರು, ಅವರ ಪಕ್ಷಗಳು ಅನರ್ಹತೆಯ ದೂರು ಹಿಡಿದು ನಿಂತವು. ಜುಲೈ 23ರಂದು ವಿಶ್ವಾಸಮತಕ್ಕೆ 99 ಮತ ಪರ, 105 ವಿರುದ್ಧ. 20 ಮಂದಿ ಸದನಕ್ಕೇ ಬರಲಿಲ್ಲ. ಕುಮಾರಸ್ವಾಮಿ ಸರ್ಕಾರ ಬಿತ್ತು. ಜುಲೈ 25ರಂದು ಸಭಾಧ್ಯಕ್ಷರು ಗೋಕಾಕದ ರಮೇಶ ಜಾರಕಿಹೊಳಿ, ನಿಮ್ಮ ಅಥಣಿಯ ಮಹೇಶ ಕುಮಠಳ್ಳಿ, ರಾಣೆಬೆನ್ನೂರಿನ ಆರ್. ಶಂಕರ್ ಮೂವರನ್ನು ಅನರ್ಹಗೊಳಿಸಿದರು. ಜುಲೈ 28ರಂದು ಕಾಗವಾಡದ ಶ್ರೀಮಂತ ಪಾಟೀಲ ಸೇರಿ ಇನ್ನೂ 14 ಮಂದಿ. ಒಟ್ಟು 17.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮೊದಲಿನ ಪಕ್ಷಾಂತರ ಅಳಿಸಿಹೋಗುವುದಿಲ್ಲ ಎಂದಿತು. ಆದರೆ ಅವಧಿ ಮುಗಿಯುವ ತನಕ ಚುನಾವಣೆಗೆ ನಿಲ್ಲಬಾರದು ಎಂದು ತಡೆ ಹಾಕುವ ಅಧಿಕಾರ ಸಭಾಧ್ಯಕ್ಷರಿಗಿಲ್ಲ ಎಂದೂ ಹೇಳಿತು. ಹೀಗೆ ಅವರಿಗೆ ಮತ್ತೆ ನಿಲ್ಲುವ ದಾರಿ ತೆರೆಯಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ಆಗಿ ಬಿಜೆಪಿ 12, ಕಾಂಗ್ರೆಸ್ 2, ಪಕ್ಷೇತರ ಒಬ್ಬರು ಗೆದ್ದರು. ನಮ್ಮ ಬೆಳಗಾವಿ ಜಿಲ್ಲೆಯ ಮೂರೂ ಕಡೆ ಹಳೆಯ ಸದಸ್ಯರೇ ಹೊಸ ಪಕ್ಷದಿಂದ ಬಂದರು.

ನನಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಜುಲೈಗೂ ಡಿಸೆಂಬರ್‌ಗೂ ನಡುವಿನ ಕಾಲ. ಆಗಸ್ಟ್ ಮೊದಲ ವಾರ ಕೃಷ್ಣೆಗೆ ಮಹಾಪೂರ ಬಂತು, ಘಟಪ್ರಭೆ ಗೋಕಾಕದ ಪೇಟೆಯೊಳಗೇ ನುಗ್ಗಿತು. ಅಥಣಿ, ಕಾಗವಾಡ, ಗೋಕಾಕ ಮೂರೂ ನೀರಿನಲ್ಲಿ ನಿಂತಿದ್ದ ದಿನ ಮೂರಕ್ಕೂ ಶಾಸಕರಿರಲಿಲ್ಲ. ಮುಖ್ಯಮಂತ್ರಿ ಒಬ್ಬರೇ ಇದ್ದರು. ಆಗಸ್ಟ್ 20ರ ತನಕ ಸಂಪುಟದಲ್ಲಿ ಇನ್ನೊಬ್ಬ ಮಂತ್ರಿ ಇರಲಿಲ್ಲ. ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಅಧಿವೇಶನ ಕೂಡಿ ನೆರೆಯ ಚರ್ಚೆ ಆದಾಗಲೂ ಆ ಮೂರು ಕುರ್ಚಿ ಖಾಲಿ. ಆ ವರ್ಷ ಬೆಳಗಾವಿಯಲ್ಲಿ ಅಧಿವೇಶನವೇ ನಡೆಯಲಿಲ್ಲ.

ಉಪಚುನಾವಣೆಯಲ್ಲಿ ನಾನು ನಿಮ್ಮ ಕ್ಷೇತ್ರದ ಹೊಳೆದಂಡೆಯ ಒಂದೂರಿನ ಮತಗಟ್ಟೆಯಲ್ಲಿ ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ, ಆಗಿದ್ದೆ. ಮಸ್ಟರಿಂಗ್ ಮುಗಿಸಿ ಮಷೀನು, ಫಾರಮ್ಮಿನ ಚೀಲ ಹೊತ್ತು ಸಂಜೆ ಶಾಲೆಗೆ ಹೋದರೆ ಗೋಡೆಯ ಮೇಲೆ ಕರಿಹಲಗೆಯ ಎತ್ತರಕ್ಕೆ ನೀರಿನ ಗೆರೆ ಇನ್ನೂ ಇತ್ತು. ಕೆಳಗಿನ ಸುಣ್ಣವೆಲ್ಲ ಉದುರಿತ್ತು. ಮರುದಿನ ಒಬ್ಬ ಅಜ್ಜಿ ಬಂದು ಮತದಾರರ ಸಹಿ ಪಡೆಯುವ 17ಎ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತುತ್ತ, "ಮಾಸ್ತರ, ಮನಿ ಬಿದ್ದಾಗ ಯಾರನ್ನ ಕೇಳಬೇಕಂತ ತಿಳೀಲಿಲ್ರಿ" ಎಂದಳು. ಪಿಆರ್‌ಒ ಕುರ್ಚಿಯಲ್ಲಿ ಕೂತವನು ಬಾಯಿ ಬಿಡುವಂತಿಲ್ಲ. ಬೆರಳಿಗೆ ಮಸಿ ಹಚ್ಚಿಸಿ ಒಳಗೆ ಕಳಿಸಿದೆ. ಓಟು ಯಾರಿಗೆ ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಚೀಟಿ ಕಾಣುವುದು ಏಳು ಸೆಕೆಂಡು. ಅದು ಕಣ್ಣಿಗೆ ಬೀಳುವ ತನಕ ಅಲುಗಾಡದೆ ನಿಂತು, ನೋಡಿಕೊಂಡು ಹೊರಗೆ ಬಂದಳು. ಎರಡು ಸಲ ಹಾಕಿದ ಓಟಿಗೆ ಬೆಲೆ ಏನು ಎಂದು ಕೇಳಿದ್ದೀರಿ. ಅಷ್ಟು ಕಷ್ಟದಲ್ಲೂ ನೀವು ಸಾಲಿನಲ್ಲಿ ನಿಂತದ್ದರಿಂದಲೇ ನಿಮ್ಮ ಶಾಸಕರ ಕುರ್ಚಿ ಮತ್ತೆ ತುಂಬಿತು. ಬೆಲೆ ಕಟ್ಟಿಕೊಡಬೇಕಾದವರು ನೀವಲ್ಲ, ಅದನ್ನು ಖಾಲಿ ಮಾಡಿದವರು.

ಪ್ರಶ್ನೆ: ಲಕ್ಷ್ಮಣ ಸವದಿಯವರು 2018ರಾಗ ಸೋತಿದ್ರು. ಸದಸ್ಯರೇ ಅಲ್ಲದವರು ಉಪಮುಖ್ಯಮಂತ್ರಿ ಹೆಂಗಾದ್ರು? (ಓದುಗರು, ಮುಧೋಳ)

164ನೇ ವಿಧಿ ಆರು ತಿಂಗಳ ಗಡುವು ಕೊಡುತ್ತದೆ. ಅಷ್ಟರೊಳಗೆ ಯಾವುದಾದರೂ ಒಂದು ಸದನದ ಸದಸ್ಯರಾಗಬೇಕು. ಸವದಿಯವರು 2019ರ ಆಗಸ್ಟ್ 20ರಂದು ಮಂತ್ರಿಯಾದರು, 2020ರ ಫೆಬ್ರುವರಿ 17ರಂದು ವಿಧಾನ ಪರಿಷತ್ತಿಗೆ ಗೆದ್ದರು. ಗಡುವಿಗೆ ಮೂರೇ ದಿನ ಉಳಿದಿತ್ತು. ಅವರ ಜೊತೆಗಿದ್ದ ಇನ್ನಿಬ್ಬರು ಉಪಮುಖ್ಯಮಂತ್ರಿಗಳಲ್ಲಿ ಒಬ್ಬರು ನಿಮ್ಮೂರಿನ ಶಾಸಕರಾಗಿದ್ದ ಗೋವಿಂದ ಕಾರಜೋಳ, ಮತ್ತೊಬ್ಬರು ಅಶ್ವತ್ಥನಾರಾಯಣ.

ಪ್ರಶ್ನೆ: ಆನಂದ ಮಾಮನಿಯವರು ತೀರಿಕೊಂಡ ಮ್ಯಾಲೆ ನಮ್ಮ ಸವದತ್ತಿಗೆ ಉಪಚುನಾವಣೆ ಆಗಲೇ ಇಲ್ಲ. ಸಿಂದಗಿಗೆ ಆತು, ನಮಗ ಯಾಕಿಲ್ಲ? (ಓದುಗರು, ಸವದತ್ತಿ)

1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 151ಎ ಕಲಮಿನಂತೆ ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಆ ಸ್ಥಾನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮಾಡಬೇಕಿಲ್ಲ. 15ನೇ ಸಭೆಯ ಅವಧಿ ಇದ್ದದ್ದು 2023ರ ಮೇ ತನಕ. ಹುಕ್ಕೇರಿಯ ಉಮೇಶ ಕತ್ತಿಯವರು ಮಂತ್ರಿಯಾಗಿದ್ದಾಗಲೇ 2022ರ ಸೆಪ್ಟೆಂಬರ್ 6ರಂದು ತೀರಿಕೊಂಡರು, ಮಾಮನಿಯವರು ಅಕ್ಟೋಬರ್‌ನಲ್ಲಿ. ಎರಡೂ ಕಡೆ ವರ್ಷ ಉಳಿದಿರಲಿಲ್ಲ.

ಸಿಂದಗಿಯ ಎಂ.ಸಿ. ಮನಗೂಳಿಯವರು ಹೋದದ್ದು 2021ರ ಜನವರಿಯಲ್ಲಿ, ಅವಧಿ ಎರಡು ವರ್ಷಕ್ಕೂ ಹೆಚ್ಚು ಉಳಿದಿತ್ತು. ಅಲ್ಲಿಯೂ ಆರು ತಿಂಗಳೊಳಗೆ ಆಗಲಿಲ್ಲ. ಕೊರೊನಾ ಎರಡನೇ ಅಲೆ ಬಂದು ಮತದಾನ ಅಕ್ಟೋಬರ್ 30ಕ್ಕೆ ಹೋಯಿತು, ರಮೇಶ ಭೂಸನೂರ ಗೆದ್ದರು. ಆಸ್ಪತ್ರೆಯಲ್ಲಿ ಹಾಸಿಗೆ, ಆಕ್ಸಿಜನ್ನಿಗೆ ಜನ ಪರದಾಡಿದ ಆ ಬೇಸಿಗೆಯಲ್ಲಿ ಸಿಂದಗಿಗೆ ಶಾಸಕರಿರಲಿಲ್ಲ. ಅನರ್ಹರಾದ 17 ಮಂದಿಯಲ್ಲಿ ಒಬ್ಬರ ಕ್ಷೇತ್ರವಾದ ಮಸ್ಕಿಯ ಜನರಂತೂ 2019ರ ಜುಲೈನಿಂದ 2021ರ ಮೇ ತನಕ ಕಾಯ್ದರು. ಅಲ್ಲಿ 2018ರ ಚುನಾವಣೆಯದೇ ತಕರಾರು ಕೋರ್ಟಿನಲ್ಲಿತ್ತು.

ನಿಮ್ಮ ವಿಷಯಕ್ಕೆ ಬರುತ್ತೇನೆ. 2022ರ ಡಿಸೆಂಬರ್ 19ರಿಂದ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯಿತು. ಆ ಅವಧಿಯಲ್ಲಿ ಇಲ್ಲಿ ಅಧಿವೇಶನ ಕೂಡಿದ್ದೇ ಮೂರು ವರ್ಷ: 2018, 2021, 2022. ಕೊನೆಯದರಲ್ಲಿ ಸರ್ಕಾರವೇ ನಮ್ಮ ಬಾಗಿಲಿಗೆ ಬಂದಿತ್ತು, ಜಿಲ್ಲೆಯ 18 ಸ್ಥಾನಗಳಲ್ಲಿ ಎರಡು ಖಾಲಿ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು ಇರುವುದು ನಿಮ್ಮ ತಾಲೂಕಿನಲ್ಲಿ, ಲಕ್ಷಗಟ್ಟಲೆ ಮಂದಿ ಬರುವ ಯಲ್ಲಮ್ಮನ ಗುಡ್ಡ ಇರುವುದೂ ಅಲ್ಲೇ. ಅದರ ಮಾತು ಎತ್ತಬೇಕಾದ ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಕೆಲವೇ ತಿಂಗಳಿಗಾಗಿ ಚುನಾವಣೆಯ ಖರ್ಚು ಬೇಡ ಎನ್ನುವ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಸ್ಥಾನ ತೆರವಾದ ದಿನವೇ ಆ ಕ್ಷೇತ್ರದ ಹೊಣೆ ಯಾರದು ಎಂದು ಸದನ ಲಿಖಿತವಾಗಿ ಗೊತ್ತುಮಾಡಬೇಕು. ಪಕ್ಕದ ಕ್ಷೇತ್ರದ ಸದಸ್ಯರೊಬ್ಬರು ಆ ಜನರ ಅರ್ಜಿ ಪಡೆದು ಪ್ರಶ್ನೆ ಹಾಕಬೇಕು, ಶಾಸಕರ ನಿಧಿಯ ಕೆಲಸ ನಿಲ್ಲಬಾರದು. ಈ ಬೇಡಿಕೆಯನ್ನು ನಾನು ಸಿಕ್ಕ ಸಿಕ್ಕ ಶಾಸಕರ ಮುಂದೆ ಇಟ್ಟಿದ್ದೇನೆ, ನೀವೂ ಇಡಿ.

ಪ್ರಶ್ನೆ: ಬಾದಾಮಿ ಶಾಸಕರು ವಿರೋಧ ಪಕ್ಷದ ನಾಯಕರಾಗಿದ್ದರಿಂದ ನಮಗೇನು ಬಂತು? (ಓದುಗರು, ಕೆರೂರು)

2018ರಲ್ಲಿ ಸಿದ್ದರಾಮಯ್ಯನವರು ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ನಿಮ್ಮ ಕ್ಷೇತ್ರದ ಅಷ್ಟು ಮತ ಇಲ್ಲದಿದ್ದರೆ ಆ ಸಭೆಯಲ್ಲಿ ಅವರು ಇರುತ್ತಲೇ ಇರಲಿಲ್ಲ. 2019ರಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿರೋಧ ಪಕ್ಷದ ನಾಯಕನ ಸ್ಥಾನ ಇವರಿಗೆ ಬಂತು. ಆ ಸ್ಥಾನಕ್ಕೆ ಸಂಪುಟ ದರ್ಜೆ ಇದೆ. ಅಲ್ಲಿಂದ ಎದ್ದು ನಿಂತರೆ ಸಭಾಧ್ಯಕ್ಷರು ಮಾತಿಗೆ ಅವಕಾಶ ಕೊಡುತ್ತಾರೆ. 2019ರ ಮಲಪ್ರಭಾ ಪ್ರವಾಹದಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ಅಕ್ಟೋಬರ್‌ನ ಅಧಿವೇಶನದಲ್ಲಿ ನೆರೆಯ ಚರ್ಚೆಗೆ ಮುಂದಾಳಾಗಿ ನಿಂತವರು ಅದೇ ಹೊಳೆದಂಡೆಯ ಕ್ಷೇತ್ರದವರು. ಅಥಣಿಯವರ ಪತ್ರ ಮೇಲಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿರಿ. ಊರಿಗೆ ಬಂದ ರಸ್ತೆ, ಕಟ್ಟಡಗಳ ಲೆಕ್ಕವನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ಮಾಸ್ತರ್ರಿ, ನಾನು ಹೈಸ್ಕೂಲ್ ವಿದ್ಯಾರ್ಥಿ. ನಮ್ಮ ಅಜ್ಜ ಬ್ಯಾರೇಜ್ ಸಿದ್ದು ಅಂತ ಭಾಳ ಹೇಳ್ತಾನ. ಅವರೂ ಆ ಸಭೆದಾಗ ಇದ್ರೇನ್ರಿ? (ಜಮಖಂಡಿ)

ಇದ್ದರು ತಮ್ಮಾ, ಆದರೆ ಕೆಲವೇ ದಿನ. ಸಿದ್ದು ನ್ಯಾಮಗೌಡರು 2018ರಲ್ಲಿ ಜಮಖಂಡಿಯಿಂದ ಕಾಂಗ್ರೆಸ್ ಶಾಸಕರಾಗಿ ಗೆದ್ದರು. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಮುಗಿದು ಮೂರನೆಯ ದಿನ, ಮೇ 28ರಂದು, ಊರಿಗೆ ಬರುವ ದಾರಿಯಲ್ಲಿ ತುಳಸಿಗೇರಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು. ನವೆಂಬರ್‌ನ ಉಪಚುನಾವಣೆಯಲ್ಲಿ ಅವರ ಮಗ ಆನಂದ ನ್ಯಾಮಗೌಡ ಗೆದ್ದರು.

ನಿಮ್ಮ ಅಜ್ಜ ಹೇಳುವುದು ಅದಕ್ಕಿಂತ ಹಳೆಯ ಕಥೆ. ಸರ್ಕಾರಕ್ಕೆ ಕಾಯದೆ ರೈತರೇ ರೊಕ್ಕ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದರ ಹೆಸರು. ಅದರ ಮುಂದಾಳತ್ವ ನ್ಯಾಮಗೌಡರದು. ಅದೇ ಹೆಸರಿನ ಬಲದ ಮೇಲೆ 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಅಜ್ಜನನ್ನು ಕರೆದುಕೊಂಡು ಹೋಗಿ ಆ ಬ್ಯಾರೇಜಿನ ಮೇಲೆ ನಿಂತು ಕೇಳು, ತನ್ನ ಪಾಲಿನದು ಎಷ್ಟು ಕೊಟ್ಟಿದ್ದ ಎಂದು. ಬರೆದು ನನಗೆ ಕಳಿಸು.

ಪ್ರಶ್ನೆ: ನಮ್ಮ ಶಾಸಕರು ಐದು ವರ್ಷದಾಗ ಏನು ಕೇಳಿದ್ರು ಅಂತ ನೋಡೋದು ಹೆಂಗ? (ಓದುಗಿ, ಗೋಕಾಕ)

ಅಕ್ಕಾ, ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಬಾಯಿಮಾತಿನ ಉತ್ತರ ಕೊಡಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಹಾಕಬಹುದು; ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಮೊದಲು ಅಧಿವೇಶನದ ತಿಂಗಳು ಹಿಡಿಯಿರಿ, ಆಮೇಲೆ ಸದಸ್ಯರ ಹೆಸರು. ಪ್ರಶ್ನೆಯ ಸಂಖ್ಯೆ, ದಿನಾಂಕ, ಉತ್ತರ ಕೊಟ್ಟ ಸಚಿವರ ಹೆಸರು ಮೂರನ್ನೂ ಬರೆದಿಟ್ಟುಕೊಳ್ಳಿ. ಆ ಉತ್ತರದಲ್ಲಿ ನಿಮ್ಮೂರಿನ ಕೆಲಸ "ಪ್ರಗತಿಯಲ್ಲಿದೆ" ಎಂದಿದ್ದು ಸ್ಥಳದಲ್ಲಿ ಏನೂ ಆಗಿರದಿದ್ದರೆ, ಅದರ ಪ್ರತಿ ಲಗತ್ತಿಸಿ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ.